ಮೊದಲು ಮೀನು, ಆಮೇಲೆ ಅನ್ನ: ತೂಕದ ಆಪರೇಷನ್ ಆದ ಮೇಲಿನ ಒಂದು ವರ್ಷ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತೆ ಕುಚ್ಚಲಕ್ಕಿ ಗಂಜಿ ಮಾಡಿ ಕಾಯುತ್ತಿದ್ದರು. ಜೊತೆಗೆ ಮಿಡಿ ಉಪ್ಪಿನಕಾಯಿ. ನಮ್ಮ ಕಡೆ ಜ್ವರ ಬಂದರೂ ಗಂಜಿ, ಹೆರಿಗೆಯಾದರೂ ಗಂಜಿ, ಆಪರೇಷನ್ ಆದರೂ ಗಂಜಿ. ನನ್ನ ಕೈಯಲ್ಲಿ 30 ಮಿಲಿಯ ಪುಟ್ಟ ಪ್ಲಾಸ್ಟಿಕ್ ಲೋಟ, ಅದರಲ್ಲಿ ನೀರು. ಅಷ್ಟು ಕುಡಿಯಲು ನನಗೆ ಕಾಲು ಗಂಟೆ. ಅತ್ತೆ ಲೋಟ ನೋಡಿದರು, ನನ್ನ ಮುಖ ನೋಡಿದರು. "ಇದೆಂತದು ಮಗಾ, ಕೆಮ್ಮಿನ ಸಿರಪ್ಪಿನ ಮುಚ್ಚಳವಾ?" ಅಂದರು.

ಅದು ಜನವರಿ ತಿಂಗಳು. ನನ್ನ ತೂಕ 116 ಕಿಲೋ. ಮಂಗಳೂರಿನ ಬ್ಯಾಂಕೊಂದರಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸ, ಶುಗರ್, ಬಿಪಿ, ಮೊಣಕಾಲು ನೋವು. ಒಂದು ವರ್ಷ ಕಳೆದಾಗ 81 ಕಿಲೋ. ಎಲ್ಲರೂ ಕೇಳುವುದು ಈ ಎರಡು ಅಂಕಿಗಳ ಬಗ್ಗೆ. ನಾನು ಹೇಳಬೇಕೆಂದಿರುವುದು ನಡುವಿನ 12 ತಿಂಗಳ ಬಗ್ಗೆ. ಸರ್ಜನ್ನರ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ನಮ್ಮ ಕೆಲಸ ಅಡುಗೆಮನೆಯಲ್ಲಿ ಶುರುವಾಗುತ್ತದೆ. ಬಟ್ಟಲು ತುಂಬಾ ಅನ್ನ, ಅದರ ಮೇಲೆ ಸಾರು, ಬದಿಯಲ್ಲಿ ಒಂದು ಮೀನು. ಇದು ಕರಾವಳಿಯ ಊಟ. ಈ ಲೆಕ್ಕವನ್ನು ತಲೆಕೆಳಗು ಮಾಡಬೇಕು. ಮೀನು ಮೊದಲು, ಪಲ್ಯ ನಡುವೆ, ಅನ್ನ ಕೊನೆಗೆ, ಜಾಗ ಉಳಿದರೆ ಮಾತ್ರ. ಹೇಳುವುದು ಸುಲಭ. ನನಗೆ ರೂಢಿಯಾಗಲು ಆರು ತಿಂಗಳು ಬೇಕಾಯಿತು.

ಒಂದು ಮಾತು ಮೊದಲೇ. ನಿಮ್ಮ ಡಾಕ್ಟರು, ಡಯಟಿಷಿಯನ್ ಬರೆದುಕೊಟ್ಟ ಚೀಟಿಗೂ ನಾನು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ನಂಬಿ. ವಾರಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗುತ್ತದೆ.

ನಿಮಗಾದದ್ದು ಯಾವುದು?

ತೂಕ ಇಳಿಸುವ ಆಪರೇಷನ್ನಿಗೆ ಬೇರಿಯಾಟ್ರಿಕ್ ಅನ್ನುತ್ತಾರೆ. ಅದರಲ್ಲಿ ನನಗಾದದ್ದು ಸ್ಲೀವ್ ಎಂಬ ಬಗೆ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಕತ್ತರಿಸಿದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹೆಚ್ಚಿನವರಿಗೆ ಹಸಿವು ತೀರಾ ಕಡಿಮೆ. ಇನ್ನೊಂದು ಬೈಪಾಸ್. ಅದರಲ್ಲಿ ಸುಮಾರು 30 ಮಿಲಿಯ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿಂದದ್ದು ಕರುಳಿನ ಆರಂಭದ ಭಾಗಕ್ಕೆ ಹೋಗುವುದೇ ಇಲ್ಲ. ಆದ್ದರಿಂದ ವಿಟಮಿನ್ ಕೊರತೆಯ ಭಯ ಅದರಲ್ಲಿ ಇನ್ನೂ ಜಾಸ್ತಿ.

ನನ್ನ ಚಿಕ್ಕಪ್ಪನಿಗೆ ಆದದ್ದು ಈ ಎರಡನೆಯದು. ಅವರು ಊರಲ್ಲಿ "ಬೈಪಾಸ್ ಆಯ್ತು" ಅಂದದ್ದೇ ತಡ, ಮನೆಗೆ ಬಂದವರೆಲ್ಲ ಎದೆ ಮುಟ್ಟಿ ವಿಚಾರಿಸತೊಡಗಿದರು. ಅವರಿಗೂ ತಿದ್ದಿ ತಿದ್ದಿ ಸಾಕಾಯಿತು, ಹಾರ್ಟಿನದ್ದೇ ಅಂತ ಬಿಟ್ಟರು. ಊರವರಿಗೆ ಹಾಗೆ ಹೇಳಿದರೆ ತೊಂದರೆಯಿಲ್ಲ. ಆದರೆ ಕ್ಯಾಶುವಾಲ್ಟಿಯಲ್ಲಿ ಹಾಗೆ ಆಗಬಾರದು. ಡಿಸ್ಚಾರ್ಜ್ ಸಮ್ಮರಿಯ ಫೋಟೋ ನಿಮ್ಮ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.

ಆಪರೇಷನ್ ಬೆಂಗಳೂರಿನಲ್ಲಿ ಮಾಡಿಸಿಕೊಂಡು ಶಿರಾಡಿ ಘಾಟಿ ಇಳಿದು ಬರುವವರಿದ್ದಾರೆ. ಏಳೆಂಟು ಗಂಟೆ ಒಂದೇ ಕಡೆ ಕೂರಬೇಡಿ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈ ದಿನಗಳಲ್ಲಿ ಇರುತ್ತದೆ. ರಾತ್ರಿ ಬಸ್ಸು ಮೊದಲ ತಿಂಗಳು ಬೇಡವೇ ಬೇಡ.

ಮೊದಲ ಎರಡು ವಾರ: ಗುಟುಕು

ಈ ಎರಡು ವಾರ ನಿಮ್ಮದು ಒಂದೇ ಉದ್ಯೋಗ: ಕುಡಿಯುವುದು. ದಿನಕ್ಕೆ ಒಂದೂವರೆ ಲೀಟರಿನಿಂದ ಎರಡು ಲೀಟರ್ ಗುರಿ. ಒಂದೇ ಸಲ ಹೋಗುವುದು ಒಂದು ಗುಟುಕು. ಹಾಗಾಗಿ ಎಚ್ಚರವಿರುವಷ್ಟು ಹೊತ್ತು ಲೋಟ ಕೈಯಲ್ಲೇ. ನಾನು ಮೊಬೈಲಿನಲ್ಲಿ ಹತ್ತು ನಿಮಿಷಕ್ಕೊಂದು ಅಲಾರಂ ಇಟ್ಟಿದ್ದೆ. ಮೂರನೇ ದಿನಕ್ಕೆ ಮನೆಯವರೆಲ್ಲ ಆ ಅಲಾರಂ ಸದ್ದಿಗೆ ಹುಚ್ಚು ಹಿಡಿದವರ ಹಾಗಾದರು. ಆದರೂ ಬಿಡಲಿಲ್ಲ.

ಮೊದಲ ಒಂದೆರಡು ದಿನ ನೀರು, ತಿಳಿಯಾದ ಸಾರು. ಆಮೇಲೆ ಸೋಸಿದ ಹೆಸರುಬೇಳೆ ಕಟ್ಟು, ಚಿಕನ್ ಸೂಪಿನ ತಿಳಿ, ನೀರು ಮಜ್ಜಿಗೆ, ಕೊಬ್ಬು ತೆಗೆದ ಹಾಲು, ಹಾಲಿಗೆ ಕಲಸಿದ ಪ್ರೋಟೀನ್ ಪುಡಿ. ಗಂಜಿ ತಿಳಿ ಉಪ್ಪು ಹಾಕಿ ಕುಡಿಯಬಹುದು, ಗಂಜಿಯ ಅಗುಳು ಬೇಡ. ಬೊಂಡ ನೀರು, ಅಂದರೆ ಎಳನೀರು, ಸ್ವಲ್ಪ ಸ್ವಲ್ಪ ಆಗಬಹುದು. ಕಿಡ್ನಿ ತೊಂದರೆ ಇರುವವರು ಕೇಳಿಯೇ ಕುಡಿಯಿರಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಪುನರ್ಪುಳಿ (ಕೋಕಂ) ಜ್ಯೂಸ್ ಸಕ್ಕರೆ ಹಾಕದೆ, ತೆಳ್ಳಗೆ. ಅಂಗಡಿಯ ಪುನರ್ಪುಳಿ ಸಿರಪ್ಪು ಅಂದರೆ ಹೆಚ್ಚಾಗಿ ಸಕ್ಕರೆ ಪಾಕ. ಸೋಡಾ, ಗ್ಯಾಸ್ ಇರುವ ಡ್ರಿಂಕ್ ಇಲ್ಲ. ಸ್ಟ್ರಾ ಹಾಕಿ ಎಳೆಯಬೇಡಿ, ಗಾಳಿ ಒಳಗೆ ಹೋಗಿ ಹೊಟ್ಟೆ ಬಿಗಿಯುತ್ತದೆ.

ಭುಜದ ಮೇಲ್ಭಾಗದಲ್ಲಿ ಒಂದು ವಿಚಿತ್ರ ನೋವು ಬರಬಹುದು. ಸಣ್ಣ ತೂತುಗಳ ಮೂಲಕ ಮಾಡುವ ದೂರ್ಬೀನು (ಲ್ಯಾಪ್ರೊಸ್ಕೋಪಿ) ಆಪರೇಷನ್ನಿನಲ್ಲಿ ಹೊಟ್ಟೆಗೆ ತುಂಬಿದ ಗ್ಯಾಸಿನದ್ದು ಅದು. ಮನೆಯೊಳಗೆ ಓಡಾಡುತ್ತಿದ್ದರೆ ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಮಲಗಿಯೇ ಇರಬೇಡಿ. ಅಡುಗೆಮನೆಯಿಂದ ಜಗಲಿ, ಜಗಲಿಯಿಂದ ಅಡುಗೆಮನೆ. ಹಾಗೆಯೇ ಭಾರ ಎತ್ತಬೇಡಿ, ನಾಲ್ಕರಿಂದ ಆರು ವಾರ. ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಗ್ಯಾಸ್ ಸಿಲಿಂಡರ್ ಸರಿಸುವುದು, ಮೊಮ್ಮಗುವನ್ನು ಎತ್ತುವುದು ಎಲ್ಲ ಭಾರವೇ. ಹೊರಗೆ ಕಾಣುವುದು ನಾಲ್ಕೈದು ಸಣ್ಣ ತೂತುಗಳು ಮಾತ್ರ. ಹಾಗಾಗಿ ಮನೆಯವರಿಗೂ ಮರೆತುಹೋಗುತ್ತದೆ, ನಮಗೂ.

ಯಾವಾಗ ಕಾಯದೆ ಹೊರಡಬೇಕು

ಈ ಭಾಗವನ್ನು ಮನೆಯ ಇನ್ನೊಬ್ಬರೂ ಓದಲಿ. ಮೊದಲ ಕೆಲವು ವಾರಗಳಲ್ಲಿ ಹೊಟ್ಟೆಯ ಹೊಲಿಗೆ ಸೋರುವ ಸಾಧ್ಯತೆ ಉಂಟು. ಅಪರೂಪ, ಆದರೆ ಉಂಟು. ಜ್ವರ, ಏರುತ್ತಲೇ ಹೋಗುವ ಹೊಟ್ಟೆನೋವು, ಸುಮ್ಮನೆ ಕೂತಿದ್ದರೂ ನಾಡಿ 100 ದಾಟಿ ಇಳಿಯದಿರುವುದು, ಕಡಿಮೆಯಾಗುವ ಬದಲು ಜಾಸ್ತಿಯಾಗುವ ಭುಜದ ನೋವು, "ಏನೋ ಸರಿಯಿಲ್ಲ" ಎಂಬ ಗಾಬರಿ. ಇವುಗಳಲ್ಲಿ ಒಂದು ಕಂಡರೂ ಅದೇ ಗಂಟೆಯಲ್ಲಿ ಹೊರಡಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೂ ಹಾಗೆಯೇ. ಕಪ್ಪು ಮಲ, ರಕ್ತ ವಾಂತಿ ಬಂದರೂ ಕೂಡ.

ಮಂಗಳೂರಿನಲ್ಲಿ, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಬರವಿಲ್ಲ. ಆಪರೇಷನ್ ಮಾಡಿದ ಆಸ್ಪತ್ರೆ ದೂರವಾದರೆ ಹತ್ತಿರದ್ದಕ್ಕೇ ಹೋಗಿ, ಸಮ್ಮರಿ ತೋರಿಸಿ, ನಿಮ್ಮ ಸರ್ಜನ್ನರಿಗೆ ಫೋನ್ ಮಾಡಿಸಿ. ರಾತ್ರಿ ಗಂಟೆ ಎರಡಾಯಿತು, ಬೆಳಗ್ಗೆ ನೋಡುವ ಅಂತ ಕೂರಬೇಡಿ.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುತ್ತದೆ. ದಿನಗಟ್ಟಲೆ ವಾಂತಿ. "ಆಪರೇಷನ್ ಆದವರಿಗೆ ವಾಂತಿ ಮಾಮೂಲು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನೀರೂ ನಿಲ್ಲದ ಹಾಗೆ ಒಂದು ದಿನ ಹೋದರೆ ಡ್ರಿಪ್ ಬೇಕಾಗುತ್ತದೆ. ವಾಂತಿ ಮುಂದುವರಿದರೆ ಬಿ1, ಅಂದರೆ ಥಯಾಮಿನ್, ದೇಹದಲ್ಲಿ ಬೇಗ ಖಾಲಿಯಾಗುತ್ತದೆ. ಅದರ ದಾಸ್ತಾನು ಇರುವುದೇ ಕೆಲವು ವಾರಗಳಿಗೆ. ಕಣ್ಣು ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಮಾತಿಗೆ ಗೊಂದಲ ಶುರುವಾದರೆ ಅದು ನರಕ್ಕೆ ಏಟು ಬೀಳುವ ಹಂತ. ಬರೇ ಗ್ಲೂಕೋಸ್ ಹಾಕಿ ಕಳಿಸುವ ಮೊದಲು ಥಯಾಮಿನ್ ಕೊಡಬೇಕು. ಡ್ಯೂಟಿ ಡಾಕ್ಟರಿಗೆ "ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ" ಎಂದು ನೀವೇ ಹೇಳಿ.

ಮೂರನೇ ವಾರದಿಂದ: ಕಡೆದದ್ದು, ಆಮೇಲೆ ಮೆತ್ತಗಿನದ್ದು

ಮೂರನೇ ವಾರ ಮಿಕ್ಸಿ ಕೆಲಸಕ್ಕೆ ಬರುತ್ತದೆ. ಬೆಂದ ಹೆಸರುಬೇಳೆ ಕಡೆದದ್ದು, ಮೊಸರು, ಮೆತ್ತಗಿನ ಪನೀರ್ ಮಜ್ಜಿಗೆಯಲ್ಲಿ ಕಡೆದದ್ದು. ರುಚಿ ಹೇಗಿರುತ್ತದೆ ಅಂತ ಕೇಳಬೇಡಿ. ಐದನೇ ವಾರದ ಹೊತ್ತಿಗೆ ಮೆತ್ತಗಿನ ಊಟ: ಕಲಕಿ ಬೇಯಿಸಿದ ಮೊಟ್ಟೆ, ಚೆನ್ನಾಗಿ ಬೆಂದ ಕುಂಬಳಕಾಯಿ, ಸಿಪ್ಪೆ ತೆಗೆದ ಹೀರೆಕಾಯಿ. ಮೀನಿನಲ್ಲಿ ಮೊದಲು ಕಾಣೆ ಅಥವಾ ನಂಗ್. ಎರಡೂ ಬಿಳಿ ಮಾಂಸ, ಬೆಣ್ಣೆಯ ಹಾಗೆ ಬಿಡುತ್ತದೆ. ಅರಿಶಿನ ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಫೋರ್ಕಿನಲ್ಲಿ ಹಿಸುಕಿ. ಬೂತಾಯಿಗೆ ಸ್ವಲ್ಪ ಕಾಯಿರಿ, ಮುಳ್ಳು ಸಣ್ಣದು. ಪುಳಿಮುಂಚಿಯ ಖಾರಕ್ಕೆ ಇನ್ನೂ ಕಾಯಿರಿ. ಎರಡು ತಿಂಗಳು ತುಂಬುವ ಹೊತ್ತಿಗೆ ಹೆಚ್ಚಿನವರು ಮನೆಯ ಮಾಮೂಲು ಅಡುಗೆಗೆ ಬರುತ್ತಾರೆ.

ನಾನು ಐದನೇ ವಾರವೇ ಜಾಣೆಯಾದೆ. ಮನೆಯಲ್ಲಿ ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಗಸಿ. ಗಸಿಯಲ್ಲಿ ನೆನೆದ ರೊಟ್ಟಿ ಮೆತ್ತಗೇ ಅಲ್ವಾ ಅಂತ ಎರಡು ತುತ್ತು ತಿಂದೆ, ಬೇಗ ಬೇಗ. ಎದೆಯ ನಡುವೆ ಕಲ್ಲು ಸಿಕ್ಕಿದ ಹಾಗಾಯಿತು. ಬಾಯಿ ತುಂಬಾ ನೊರೆ ನೊರೆ ಜೊಲ್ಲು. ಬಚ್ಚಲಿನ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಹೀಗಾದರೆ ನೀರು ಕುಡಿದು ತಳ್ಳಲು ನೋಡಬೇಡಿ, ಅದು ಇನ್ನಷ್ಟು ಕಷ್ಟ. ತಿನ್ನುವುದು ನಿಲ್ಲಿಸಿ, ನೆಟ್ಟಗೆ ನಿಂತು ನಿಧಾನ ಓಡಾಡಿ. ಇಳಿದರೂ ಸರಿ, ಹೊರಗೆ ಬಂದರೂ ಸರಿ. ಇಳಿಯದೆ ಗಂಟೆಗಟ್ಟಲೆ ಹೋದರೆ ಡಾಕ್ಟರಿಗೆ ಫೋನ್ ಮಾಡಿ. ಹೀಗೆ ಸಿಕ್ಕಿಹಾಕಿಕೊಳ್ಳುವುದರಲ್ಲಿ ಮುಂದಿರುವವು ಬ್ರೆಡ್ಡು, ಬನ್ಸ್, ಮುದ್ದೆಯಾದ ಅನ್ನ, ನಾರುನಾರಿನ ಕೋಳಿ. ಕೆಲವರಿಗೆ ನೀರುದೋಸೆಯೂ ಅಂಟುತ್ತದೆ. ಅಷ್ಟು ತೆಳ್ಳಗಿನ ದೋಸೆ ಮೋಸ ಮಾಡುವುದು ನನಗೆ ಬೇಜಾರಿನ ವಿಷಯ.

ಬಟ್ಟಲು ತಲೆಕೆಳಗು

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇದು ಕಡಿಮೆಯಾದರೆ ಕರಗುವುದು ಕೊಬ್ಬು ಮಾತ್ರ ಅಲ್ಲ, ಮಾಂಸಖಂಡವೂ ಹೋಗುತ್ತದೆ. ಕೂದಲು, ಬಲ, ಗಾಯ ಒಣಗುವುದು ಎಲ್ಲಕ್ಕೂ ಇದೇ ಬೇಕು. ಆದರೆ ಹೊಟ್ಟೆಯಲ್ಲಿ ಜಾಗ ಒಂದು ಮುಷ್ಟಿಗಿಂತ ಕಡಿಮೆ. ಒಂದು ಬಟ್ಟಲು ಗಂಜಿಯಲ್ಲಿ ಪ್ರೋಟೀನ್ ಮೂರು ನಾಲ್ಕು ಗ್ರಾಂ ಸಿಕ್ಕಿದರೆ ಜಾಸ್ತಿ. ಅದನ್ನು ಕುಡಿದರೆ ಹೊಟ್ಟೆ ತುಂಬಿತು, ಕೆಲಸ ಕೆಟ್ಟಿತು. 100 ಗ್ರಾಂ ಬೆಂದ ಮೀನಿನಲ್ಲಿ ಸುಮಾರು 20 ಗ್ರಾಂ. ಒಂದು ಮೊಟ್ಟೆಯಲ್ಲಿ 6. ನನಗೆ ಗಂಜಿಯ ಮೇಲೆ ಸಿಟ್ಟಿಲ್ಲ, ಲೆಕ್ಕ ಹೀಗಿದೆ ಅಷ್ಟೆ.

ಐದನೇ ತಿಂಗಳಲ್ಲಿ ನನ್ನ ಒಂದು ದಿನ ಹೀಗಿತ್ತು. ಬೆಳಗ್ಗೆ ಎರಡು ಮೊಟ್ಟೆ. ಹನ್ನೊಂದು ಗಂಟೆಗೆ ಬ್ಯಾಂಕಿನಲ್ಲಿ ಒಂದು ಸ್ಕೂಪ್ ಪ್ರೋಟೀನ್ ಪುಡಿ ನೀರಿನಲ್ಲಿ ಕಲಸಿ. ಮಧ್ಯಾಹ್ನ ಬಂಗುಡೆಯೋ ಬೂತಾಯಿಯೋ, ಮೊದಲು ಅದು ಪೂರ್ತಿ. ಆಮೇಲೆ ಎರಡು ಚಮಚ ಪಲ್ಯ. ಆಮೇಲೆ ಎರಡು ಮೂರು ಚಮಚ ಅನ್ನ, ಬೇಕೆನಿಸಿದರೆ. ಸಂಜೆ ಒಂದು ಹಿಡಿ ಹುರಿಗಡಲೆ. ರಾತ್ರಿ ಪನೀರ್ ಅಥವಾ ಮೊಳಕೆ ಹೆಸರಿನ ಗಸಿ. ಒಟ್ಟು 70ರ ಆಸುಪಾಸು ಆಗುತ್ತಿತ್ತು. ಪುಡಿ ಕೊಳ್ಳುವಾಗ ಡಬ್ಬಿಯ ಹಿಂದೆ ಸಕ್ಕರೆ ಎಷ್ಟು ಅಂತ ಓದಿ. ಚಾಕಲೇಟ್ ರುಚಿಯದ್ದರಲ್ಲಿ ಕೆಲವು ಬರೇ ಸಿಹಿ.

ಉಡುಪಿ ಕಡೆಯ ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಸಾರು, ಹುಳಿಯಲ್ಲಿ ತೊಗರಿಬೇಳೆ ಇರುತ್ತದೆ, ಆದರೆ ನೀರೇ ಜಾಸ್ತಿ. ಅಡಿಯ ಗಟ್ಟಿಯನ್ನು ಬಡಿಸಿಕೊಳ್ಳಿ, ತಿಳಿ ಮನೆಯವರಿಗೆ ಬಿಡಿ. ಹೆಸರುಬೇಳೆ ಕೋಸಂಬರಿ ಮೂರು ತಿಂಗಳ ನಂತರ, ಚೆನ್ನಾಗಿ ಅಗಿದು. ಪನೀರ್, ಗಟ್ಟಿ ಮೊಸರು, ಸೋಯಾ, ಕಡಲೆ ಗಸಿ, ಜೊತೆಗೆ ಪುಡಿ. ಪುಡಿ ಬೇಡ ಅನ್ನುವ ಸಸ್ಯಾಹಾರಿಗಳು ಮೊದಲ ಆರು ತಿಂಗಳು 60 ಮುಟ್ಟುವುದನ್ನು ನಾನು ನೋಡಿಲ್ಲ.

ಮೀನು ತಿನ್ನುವವರಿಗೂ ಒಂದು ತೊಡಕುಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಇಳಿಸುವ ಧಕ್ಕೆ ಖಾಲಿ, ಇರುವ ಮೀನಿಗೆ ಚಿನ್ನದ ರೇಟು. ಆ 61 ದಿನಕ್ಕೆ ಮೊದಲೇ ಯೋಚನೆ ಮಾಡಿ. ನಾವು ಮೊಟ್ಟೆ, ಕೈಮಾ ಮಾಡಿದ ಕೋಳಿ, ಹುರುಳಿ ಚಟ್ನಿ, ಹೆಸರುಕಾಳಿನಲ್ಲಿ ಕಳೆದೆವು. ಒಣಮೀನು ಬಿಪಿ ಇರುವವರಿಗೆ ಬೇಡ, ಅದು ಅರ್ಧ ಉಪ್ಪು.

ತಿನ್ನುವ ರೀತಿಯೂ ಬದಲಾಗಬೇಕು. ಊಟದ ಜೊತೆ ನೀರು ಇಲ್ಲ. ತಿಂದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಅಂದರೆ ಊಟದ ಕೊನೆಗೆ ಮಜ್ಜಿಗೆ ಎತ್ತಿ ಕುಡಿಯುವ ನಮ್ಮ ಸಂಪ್ರದಾಯ ಮುಗಿಯಿತು. ಒಂದೊಂದು ತುತ್ತು 20, 25 ಸಲ ಅಗಿಯಿರಿ. ಊಟಕ್ಕೆ 20 ನಿಮಿಷ ಬೇಕು. ಚಹಾದ ಸಣ್ಣ ಚಮಚ ಬಳಸಿ. ಮೂಗಿನಿಂದ ನೀರು, ಒಂದು ಬಿಕ್ಕಳಿಕೆ, ಒಂದು ನಿಟ್ಟುಸಿರು. ಕೆಲವರಿಗೆ ಹೊಟ್ಟೆ ತುಂಬಿದ್ದು ಹೀಗೆ ಗೊತ್ತಾಗುತ್ತದೆ. ನನಗೆ ಸೀನು ಬರುತ್ತದೆ. ಈಗ ಮನೆಯಲ್ಲಿ ನಾನು ಸೀನಿದರೆ ಅತ್ತೆ ಬಟ್ಟಲು ಎತ್ತಿಬಿಡುತ್ತಾರೆ.

ಸಿಹಿ ತಿಂದು ಬೆವರಿದರೆ

ಚಿಕ್ಕಪ್ಪ ಒಂದು ಮುಂಜಿಯಲ್ಲಿ ಅರ್ಧ ಲೋಟ ಪಾಯಸ ಕುಡಿದರು. ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆ ಹಿಂಡುವುದು, ಆಮೇಲೆ ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದು, ದೇಹದ ನೀರನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಆಗುವುದುಂಟು. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ: ಶುಗರ್ ತೀರಾ ಇಳಿದು ಕೈ ನಡುಕ, ಕಣ್ಣು ಕತ್ತಲೆ. ಪದೇ ಪದೇ ಆದರೆ ಡಾಕ್ಟರಿಗೆ ಹೇಳಿ. ಗಡ್‌ಬಡ್ ಐಸ್‌ಕ್ರೀಮಿನ ಎತ್ತರದ ಗ್ಲಾಸಿನ ಎದುರು ಕೂತಾಗ ಇದು ನೆನಪಿರಲಿ. ನಾನೀಗ ಮಗಳ ಗ್ಲಾಸಿನಿಂದ ಎರಡು ಚಮಚ ತೆಗೆಯುತ್ತೇನೆ, ಗೋಡಂಬಿ ಇರುವ ಕಡೆಯಿಂದ.

ಮಾತ್ರೆ ಡಬ್ಬಿ

ಇದು ಬೇಜಾರಿನ ವಿಷಯ, ಆದರೆ ಜೀವನಪೂರ್ತಿಯದ್ದು. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12, ಕಬ್ಬಿಣ. ಕ್ಯಾಲ್ಸಿಯಂ ಊಟ ಮಾತ್ರೆ ಸೇರಿ ದಿನಕ್ಕೆ 1200ರಿಂದ 1500 ಮಿಗ್ರಾಂ, ಎರಡು ಮೂರು ಕಂತಿನಲ್ಲಿ. ಸಿಟ್ರೇಟ್ ರೂಪದ್ದು ಕೇಳಿ, ಹೊಟ್ಟೆಯಲ್ಲಿ ಆಮ್ಲ ಕಡಿಮೆಯಿದ್ದರೂ ದೇಹ ಅದನ್ನು ಹೀರಿಕೊಳ್ಳುತ್ತದೆ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಚಹಾ ಕಾಫಿಯ ಜೊತೆಗೂ ಬೇಡ. ಮುಟ್ಟು ನಿಲ್ಲದ ಹೆಂಗಸರಿಗೆ ಕಬ್ಬಿಣ ಜಾಸ್ತಿ ಬೇಕು. ಸಸ್ಯಾಹಾರಿಗಳಲ್ಲಿ ಬಿ12 ಆಪರೇಷನ್ನಿಗೆ ಮೊದಲೇ ಕಡಿಮೆ ಇರುವುದು ಸಾಮಾನ್ಯ, ಕೆಲವರಿಗೆ ಇಂಜೆಕ್ಷನ್ ಬೇಕಾಗುತ್ತದೆ.

ಹಳೆಯ ಮಾತ್ರೆಗಳ ಕಡೆಯೂ ಕಣ್ಣಿರಲಿ. ಶುಗರ್ ಎಷ್ಟು ಬೇಗ ಇಳಿಯುತ್ತದೆ ಅಂದರೆ ಹಿಂದಿನ ಡೋಸ್ ಮುಂದುವರಿಸಿದರೆ ತಲೆ ತಿರುಗಿ ಬೀಳಬಹುದು. ಬಿಪಿ ಮಾತ್ರೆಯೂ ಹಾಗೆ. ಮನೆಯಲ್ಲೇ ಪರೀಕ್ಷೆ ಮಾಡಿ ಬರೆದಿಡಿ, ಡಾಕ್ಟರಿಗೆ ತೋರಿಸಿ ಕಡಿಮೆ ಮಾಡಿಸಿ. ನೀವಾಗಿ ನಿಲ್ಲಿಸಬೇಡಿ.

ನೋವಿನ ಮಾತ್ರೆ ವಿಷಯದಲ್ಲಿ ಕಟ್ಟುನಿಟ್ಟು. ಮೆಡಿಕಲ್‌ಗೆ ಹೋಗಿ "ಸೊಂಟನೋವಿಗೆ ಒಂದು ಕೊಡಿ" ಅಂದರೆ ಕೈಗೆ ಬರುವುದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯದ್ದು. ಅವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲೇ. ಪ್ಯಾರಾಸಿಟಮಾಲ್ ಸಾಕು. ಬೀಡಿ ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಟ್ಟುಬಿಡಿ. ಮದ್ಯ ಈ ಹೊಟ್ಟೆಯಿಂದ ನೇರ ರಕ್ತಕ್ಕೆ ಏರುತ್ತದೆ. ಒಂದು ಪೆಗ್ಗಿಗೇ ತೂರಾಡಿದವರನ್ನು ನೋಡಿದ್ದೇನೆ. ಶೇಂದಿ ನೈಸರ್ಗಿಕ ಅನ್ನುವ ವಾದ ನಡೆಯುವುದಿಲ್ಲ. ಆಟಿ ಅಮಾವಾಸ್ಯೆಯ ದಿನ ಅತ್ತೆ ಹಾಲೆ ಮರದ ಕಷಾಯ ತಂದರು, ಬರೀ ಹೊಟ್ಟೆಗೆ. ಈ ವರ್ಷ ನನಗೆ ಬೇಡ ಅಂದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು, ಆಮೇಲೆ ಮೆಂತೆ ಗಂಜಿ ಒಂದು ಚಮಚ ಒಪ್ಪಿಕೊಂಡೆ.

ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಆಗುವುದುಂಟು. ಅದಕ್ಕೆ ಹಲವು ಡಾಕ್ಟರು ಆರು ತಿಂಗಳ ಮಾತ್ರೆ ಕೊಡುತ್ತಾರೆ. ಬಲ ಪಕ್ಕೆಲುಬಿನ ಕೆಳಗೆ ಊಟದ ನಂತರ ಹಿಡಿದು ನೋಯುತ್ತಿದ್ದರೆ ಗ್ಯಾಸ್ ಅಂತ ಬಿಡಬೇಡಿ, ಸ್ಕ್ಯಾನ್ ಮಾಡಿಸಿ.

ಸೆಕೆ, ಮಳೆ, ನಡಿಗೆ

ಮಾರ್ಚ್ ಏಪ್ರಿಲಿನ ಮಂಗಳೂರಿನ ಸೆಕೆಗೆ ಸುಮ್ನೆ ಕೂತರೂ ಬೆವರು ಇಳಿಯುತ್ತದೆ. ಒಮ್ಮೆಲೇ ಎರಡು ಲೋಟ ನೀರು ಕುಡಿದು ಸರಿಮಾಡಿಕೊಳ್ಳುವ ಹೊಟ್ಟೆ ಈಗ ನಿಮ್ಮದಲ್ಲ. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನೀರು ಸಾಲುತ್ತಿಲ್ಲ. ಬೆಳಗ್ಗೆ ಆರಕ್ಕೇ ನಡೆದು ಮುಗಿಸಿ. ಕದ್ರಿ ಪಾರ್ಕ್, ತಣ್ಣೀರುಬಾವಿ, ಮಲ್ಪೆಯ ಸೀ ವಾಕ್, ಅಜ್ಜರಕಾಡು, ಮಣಿಪಾಲದ ಎಂಡ್ ಪಾಯಿಂಟ್, ಯಾವುದು ಹತ್ತಿರವೋ ಅದು. ಮೊದಲು ಹತ್ತು ನಿಮಿಷ, ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಅರ್ಧ ಮುಕ್ಕಾಲು ಗಂಟೆಗೆ ತನ್ನಿ. ಎರಡು ತಿಂಗಳ ನಂತರ, ಡಾಕ್ಟರು ಸರಿ ಅಂದ ಮೇಲೆ, ಸ್ವಲ್ಪ ಭಾರದ ವ್ಯಾಯಾಮ. ಎರಡು ಲೀಟರಿನ ನೀರಿನ ಬಾಟಲಿಯೇ ಡಂಬಲ್ಸ್.

ಜೂನ್ ಬಂತೆಂದರೆ ನಡಿಗೆ ನಿಲ್ಲಿಸಲು ಒಳ್ಳೆಯ ನೆಪ. ನಾನು ಜಗಲಿಯಲ್ಲಿ ನಡೆದೆ, 22 ಹೆಜ್ಜೆ ಆ ಕಡೆ, 22 ಹೆಜ್ಜೆ ಈ ಕಡೆ. ಎದುರು ಮನೆಯವರು ಮೊದಲು ಕಿಟಕಿಯಿಂದ ನೋಡಿದರು, ಆಮೇಲೆ ಅವರೂ ಅವರ ಜಗಲಿಯಲ್ಲಿ ಶುರು ಮಾಡಿದರು.

ಮಳೆಗಾಲದ ಇನ್ನೊಂದು ಕಾಟ ಚರ್ಮದ್ದು. ತೂಕ ಇಳಿದಾಗ ಹೊಟ್ಟೆಯ ಕೆಳಗೆ, ತೊಡೆಸಂದಿನಲ್ಲಿ ಚರ್ಮ ಮಡಿಚಿ ಜೋತುಬೀಳುತ್ತದೆ. ನಮ್ಮ ತೇವದ ಹವೆಯಲ್ಲಿ ಅಲ್ಲಿ ಹುಳುಕಡ್ಡಿ ಬೇಗ ಹಿಡಿಯುತ್ತದೆ. ಸ್ನಾನದ ನಂತರ ಮಡಿಕೆಗಳನ್ನು ಚೆನ್ನಾಗಿ ಒರೆಸಿ, ಫ್ಯಾನಿನ ಗಾಳಿಗೆ ಒಡ್ಡಿ, ಪೂರ್ತಿ ಒಣಗದ ಒಳಬಟ್ಟೆ ಹಾಕಬೇಡಿ. ಕೆಂಪಾಗಿ ತುರಿಸಿದರೆ ಚರ್ಮದ ಡಾಕ್ಟರಿಗೆ ತೋರಿಸಿ. ಸ್ಟಿರಾಯ್ಡ್ ಇರುವ ಮಿಶ್ರಣದ ಮುಲಾಮು ಅಂಗಡಿಯಿಂದ ತಂದು ಹಚ್ಚಬೇಡಿ. ಚರ್ಮ ತೆಗೆಸುವ ಆಪರೇಷನ್ನಿನ ಯೋಚನೆ ತೂಕ ಒಂದು ಕಡೆ ನಿಂತ ಮೇಲೆ, ಅಂದರೆ ವರ್ಷ ಒಂದೂವರೆ ವರ್ಷದ ನಂತರ.

ಕೂದಲು, ಕಾಂಟಾ, ಉಂಗುರ

ಮೂರನೇ ತಿಂಗಳಿನಿಂದ ಆರನೇ ತಿಂಗಳವರೆಗೆ ಹಲವರಿಗೆ ಕೂದಲು ಹಿಡಿ ಹಿಡಿಯಾಗಿ ಉದುರುತ್ತದೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೇರುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುವುದರ ಪರಿಣಾಮ ಅದು. ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ, ಸತು ಸರಿಯಿದೆಯಾ ನೋಡಿ. ಸಾವಿರಾರು ರೂಪಾಯಿಯ ಎಣ್ಣೆಗೆ ಹಣ ಹಾಕಬೇಡಿ.

ತೂಕ ನೋಡುವ ಕಾಂಟಾ ಮೂರನೇ ವಾರದಿಂದ ಆರನೇ ವಾರದ ಒಳಗೆ ಹೆಚ್ಚಿನವರಿಗೆ ಒಮ್ಮೆ ಇಳಿಯದೆ ನಿಲ್ಲುತ್ತದೆ. ಮೊದಲು ಬೇಗ ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದು, ಆಮೇಲೆ ದೇಹ ಸುಧಾರಿಸಿಕೊಳ್ಳುತ್ತದೆ. ನಾನು 19 ದಿನ 104ರಲ್ಲೇ ನಿಂತಿದ್ದೆ. ದಿನಾ ಕಾಂಟಾ ಹತ್ತಿ ನೋಡಿ ಅತ್ತುಬಿಟ್ಟೆ. ವಾರಕ್ಕೆ ಒಮ್ಮೆ ಸಾಕು, ಒಂದೇ ದಿನ, ಒಂದೇ ಹೊತ್ತು. ಸೊಂಟದ ಟೇಪಿನ ಅಳತೆ ಅದಕ್ಕಿಂತ ನಂಬಿಗಸ್ತ.

ಬಟ್ಟೆ ಕೊಳ್ಳಲು ಓಡಬೇಡಿ. ಟೈಲರ್ ಅಂಗಡಿಯಲ್ಲಿ ನನ್ನ ಒಂದೇ ರವಿಕೆಯನ್ನು ನಾಲ್ಕು ಸಲ ಸಣ್ಣ ಮಾಡಿಸಿದೆ. ಉಂಗುರ ಮಾತ್ರ ಬೇಗ ತೆಗೆದಿಡಿ. ನನ್ನದು ಪಣಂಬೂರಿನ ಮರಳಿನಲ್ಲಿ ಜಾರಿತು, ಸಿಗಲಿಲ್ಲ.

ಹೆಂಗಸರಿಗೆ ಒಂದು ಮುಖ್ಯ ಮಾತು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿಯಾಗುತ್ತದೆ, ವರ್ಷಗಳಿಂದ ಆಗದವರಿಗೂ. ಆದರೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆಯನ್ನು ದೇಹ ಸರಿಯಾಗಿ ಹೀರಿಕೊಳ್ಳದಿರಬಹುದು. ಬೇರೆ ದಾರಿ ಯಾವುದು ಅಂತ ಸ್ತ್ರೀರೋಗ ಡಾಕ್ಟರನ್ನು ಮೊದಲೇ ಕೇಳಿ.

ಮದುವೆಯ ಎಲೆ, ಊರಿನ ಬಾಯಿ

ಮೇ ತಿಂಗಳಿಗೆ ನನಗೆ ಏಳು ಮದುವೆ ಕಾಗದ ಬಂತು. ಬಫೆ ಆದರೆ ಬಚಾವ್. ಪಂಕ್ತಿ ಆದರೆ ಕಷ್ಟ, ಯಾಕೆಂದರೆ ಎಲೆ ಖಾಲಿ ಬಿಡುವುದೂ ತಪ್ಪು, ತುಂಬಿಸಿ ಬಿಡುವುದೂ ತಪ್ಪು. ನಾನು ಮಾಡಿದ್ದು ಇಷ್ಟು. ಮನೆಯಲ್ಲೇ ಎರಡು ಮೊಟ್ಟೆ ತಿಂದು ಹೊರಡುವುದು. ಕೊನೆಯ ಪಂಕ್ತಿಯಲ್ಲಿ ಮಗಳ ಪಕ್ಕ ಕೂರುವುದು. ಕೋಸಂಬರಿ, ಪಲ್ಯ ಹಾಕಿಸಿಕೊಂಡು ಅನ್ನ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. "ಸಾಕು" ಅಂತ ಒಂದು ಸಲ ಹೇಳಿದರೆ ನಮ್ಮಲ್ಲಿ ಅದು ಮರ್ಯಾದೆಗೆ ಹೇಳಿದ್ದು ಅಂತ ಲೆಕ್ಕ. ಮೂರು ಸಲ ಹೇಳಬೇಕು. ಹೋಳಿಗೆಯ ಒಂದು ಚೂರು ಬಾಯಿಗೆ ಹಾಕಿ, ಉಳಿದದ್ದು ಮಗಳ ಎಲೆಗೆ. ಹೊಟ್ಟೆಯ ಆಪರೇಷನ್ ಆಗಿದೆ ಎಂದು ಚುಟುಕಾಗಿ ಹೇಳಿದರೆ ಹಿರಿಯರು ಒತ್ತಾಯ ಬಿಡುತ್ತಾರೆ. ಏಕಾದಶಿ, ಉಪವಾಸ, ರೋಜಾ ಇದ್ದವರು ಮೊದಲ ವರ್ಷ ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ಬಾಯಿಗೆ ನೀರೂ ಇಲ್ಲದೆ ದಿನವಿಡೀ ಇರುವ ಸ್ಥಿತಿಯಲ್ಲಿ ಈ ದೇಹ ಇರುವುದಿಲ್ಲ.

ಎಷ್ಟು ಜನಕ್ಕೆ ಹೇಳಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಹೇಳದಿದ್ದರೆ ಒಂದು ಕತೆ ಹುಟ್ಟುತ್ತದೆ: "ಎಂತ ಮಾರಾಯ್ರೇ, ಇಷ್ಟು ಸೊರಗಿದ್ದೀರಿ, ಕಾಯಿಲೆ ಉಂಟಾ?" ಹೇಳಿದರೆ ಇನ್ನೊಂದು: "ಓ, ಸುಲಭದ ದಾರಿ ಹಿಡಿದಿರಿ." ನಾನು ಬ್ಯಾಂಕಿನಲ್ಲಿ ಇಬ್ಬರಿಗೆ ಹೇಳಿದೆ, ಮೂರನೇ ದಿನ ಸ್ಟ್ರಾಂಗ್ ರೂಮಿನವರೆಗೂ ಮುಟ್ಟಿತ್ತು. ಒಳ್ಳೆಯದೇ ಆಯಿತು, ಹನ್ನೊಂದು ಗಂಟೆಗೆ ನಾನು ಪುಡಿ ಕಲಸುವಾಗ ಯಾರೂ ಗೋಳಿಬಜೆ ಮುಂದೆ ಹಿಡಿಯುವುದಿಲ್ಲ.

ಮನಸ್ಸಿನ ಮಾತು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಎರಡನೇ ತಿಂಗಳು ನಾನು ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಯಾಕೆಂದರೆ ಬೇಜಾರಾದಾಗ ನಾನು ತಿನ್ನುತ್ತಿದ್ದೆ, ಖುಷಿಯಾದಾಗಲೂ ತಿನ್ನುತ್ತಿದ್ದೆ. ಈಗ ಬೇಜಾರು ಅಲ್ಲೇ ಇತ್ತು, ತಿನ್ನುವ ಹಾಗಿರಲಿಲ್ಲ. ಕೆಲವರಿಗೆ ಆ ಜಾಗಕ್ಕೆ ಮದ್ಯ ಬರುತ್ತದೆ, ಕೆಲವರಿಗೆ ಆನ್‌ಲೈನ್ ಶಾಪಿಂಗ್. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲದೆ ಹೋದರೆ, ಬದುಕೇ ಬೇಡ ಎಂಬ ಯೋಚನೆ ಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. 14416 ಟೆಲಿ ಮಾನಸ್ ನಂಬರ್, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ವರ್ಷ ತುಂಬುವಾಗ

ಮೂರು, ಆರು, ಹನ್ನೆರಡನೇ ತಿಂಗಳಿಗೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೊಂದು. ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು), ಲಿವರ್, ಕಿಡ್ನಿ, ಮೂರು ತಿಂಗಳ ಸರಾಸರಿ ಶುಗರ್. ಸ್ಲೀವ್ ಆದವರು ಎದೆಯುರಿ, ಹುಳಿತೇಗು ಇದ್ದರೆ ಹೇಳಿ, ಅದು ಈ ಆಪರೇಷನ್ನಿನ ನಂತರ ಜಾಸ್ತಿಯಾಗುವುದುಂಟು.

ಇನ್ನು ಹಸಿವು. ಅದು ವರ್ಷದ ಹೊತ್ತಿಗೆ ಮೆಲ್ಲ ವಾಪಸ್ ಬರುತ್ತದೆ. ಡಿಸೆಂಬರಿನಲ್ಲಿ ಪಕ್ಕದ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಬಂದಾಗ ನನಗೆ ಗೊತ್ತಾಯಿತು. ನೆವ್ರಿ, ಕಿಡಿಯೊ ಒಂದೊಂದಾಗಿ ಸಲೀಸಾಗಿ ಇಳಿಯುತ್ತಿತ್ತು. ಎದೆಯಲ್ಲಿ ಕಲ್ಲೂ ಇಲ್ಲ, ಸೀನೂ ಇಲ್ಲ. ಬಾಯಲ್ಲಿ ಕರಗುವ ಸಿಹಿ, ಚಿಪ್ಸು, ಜ್ಯೂಸಿಗೆ ಈ ಹೊಟ್ಟೆ ಅಡ್ಡ ಬರುವುದಿಲ್ಲ. ತೂಕ ಮರಳಿ ಏರುವುದು ಹೆಚ್ಚಾಗಿ ಈ ಬಾಗಿಲಿನಿಂದ. ಎರಡು ಕಿಲೋ ಏರಿದಾಗಲೇ ಡಯಟಿಷಿಯನ್ ಹತ್ತಿರ ಹೋಗಿ, ಹತ್ತು ಏರಿದ ಮೇಲೆ ನಾಚಿಕೆಯಾಗುತ್ತದೆ. ನಾನು ಒಂದು ವಾರ ಬರೆದಿಟ್ಟೆ, ಬಾಯಿಗೆ ಹೋದ ಪ್ರತಿಯೊಂದನ್ನೂ. ಬುಧವಾರದ ಪುಟದಲ್ಲಿ ಪ್ರೋಟೀನ್ 38 ಗ್ರಾಂ ಇತ್ತು. ಗುರುವಾರದಿಂದ ಮತ್ತೆ ಮೀನು ಮೊದಲು.

ವರ್ಷದ ರಕ್ತಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಹೋಗಬೇಕು. ಲ್ಯಾಬಿನಲ್ಲಿ ಸರದಿ ಉದ್ದ ಇರುತ್ತದೆ, ರಕ್ತ ಕೊಟ್ಟ ತಕ್ಷಣ ತಿನ್ನಲು ಏನಾದರೂ ಒಯ್ಯಿರಿ. ನಾನು ಹೊರಡುವಾಗ ಅತ್ತೆ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದರು. ಗಂಜಿ ಇರಬೇಕು ಅಂದುಕೊಂಡೆ. ತೆರೆದರೆ ಎರಡು ಬೇಯಿಸಿದ ಮೊಟ್ಟೆ, ಒಂದು ಕಾಗದದ ಪೊಟ್ಟಣದಲ್ಲಿ ಉಪ್ಪು ಕಾಳುಮೆಣಸು.